ನ್ಯೆಬೊರುಫ್ ಅರಮನೆ, ಅರ್ಕಾಡಿಯಾ ಉದ್ಯಾನ: ನೆಮ್ಮದಿಗಾಗಿ ಕಟ್ಟಿಸಿದ ಅವಶೇಷಗಳು

ಪೋಲೆಂಡಿನ ರಾಜಧಾನಿ ವಾರ್ಸಾದಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ ನ್ಯೆಬೊರುಫ್ ಎಂಬ ಗ್ರಾಮವಿದೆ. ಸಮತಟ್ಟಾದ ಹೊಲಗಳ ನಡುವಿನ ಈ ಗ್ರಾಮದಲ್ಲಿ ಮೂರು ಶತಮಾನಗಳನ್ನು ದಾಟಿದ ಅರಮನೆಯೊಂದು ನಿಂತಿದೆ. ಅಲ್ಲಿಂದ ನಾಲ್ಕೈದು ಕಿ.ಮೀ. ಮುಂದೆ, ವೊವಿಚ್ ಪಟ್ಟಣಕ್ಕೆ ಸಾಗುವ ದಾರಿಯಲ್ಲಿ, ಅರ್ಕಾಡಿಯಾ ಎಂಬ ಉದ್ಯಾನವಿದೆ. ಅರಮನೆ ಮತ್ತು ಉದ್ಯಾನ ಎರಡೂ ರಾಡ್ಜಿವಿಲ್ ಎಂಬ ಶ್ರೀಮಂತ ಮನೆತನದ ಸ್ವತ್ತಾಗಿದ್ದವು. ಇಂದು ಎರಡನ್ನೂ ಒಂದೇ ವಸ್ತುಸಂಗ್ರಹಾಲಯವಾಗಿ ನೋಡಿಕೊಳ್ಳಲಾಗುತ್ತಿದೆ.

ಯುರೋಪಿನಲ್ಲಿ ಇದಕ್ಕಿಂತ ವಿಶಾಲವಾದ, ಇದಕ್ಕಿಂತ ವೈಭವದ ಅರಮನೆಗಳು ಬೇಕಾದಷ್ಟಿವೆ. ಆದರೂ ಇವೆರಡನ್ನು ಒಟ್ಟಿಗೆ ನೋಡಬೇಕಾದುದಕ್ಕೆ ಪ್ರತ್ಯೇಕ ಕಾರಣವಿದೆ. ದೇಶವೊಂದು ಭೂಪಟದಿಂದಲೇ ಅಳಿಸಿಹೋಗುತ್ತಿದ್ದ ಕಾಲದಲ್ಲಿ, ಆ ದೇಶದ ಪ್ರಮುಖ ಕುಟುಂಬವೊಂದು ನೆಮ್ಮದಿಯ ನೆಲೆಯೊಂದನ್ನು ಕಟ್ಟಿಸಿತು. ಆ ನೆಲೆಯನ್ನು ಅಲಂಕರಿಸಲು ಕುಟುಂಬ ಆರಿಸಿಕೊಂಡದ್ದು ಪಾಳುಗೋಡೆಗಳನ್ನು, ಮುರಿದ ಕಂಬಗಳನ್ನು, ಗೋರಿಯೊಂದನ್ನು. ಈ ಹಿನ್ನೆಲೆಯನ್ನು ಅರಿತು ಹೋದವರಿಗೆ ಅರ್ಕಾಡಿಯಾ ಕೇವಲ ವಿಹಾರದ ತಾಣವಾಗಿ ಉಳಿಯುವುದಿಲ್ಲ.

ಧರ್ಮಾಧಿಕಾರಿಯ ಅರಮನೆ

ನ್ಯೆಬೊರುಫ್‌ನದು ರಾಜನ ಅರಮನೆಯಲ್ಲ. ಅಂದಿನ ಪೋಲೆಂಡ್ ಮತ್ತು ಲಿಥುವೇನಿಯಾ ಒಂದೇ ಸಂಯುಕ್ತ ರಾಷ್ಟ್ರವಾಗಿದ್ದವು. ಅಲ್ಲಿ ರಾಜನನ್ನು ಶ್ರೀಮಂತ ವರ್ಗವೇ ಚುನಾಯಿಸುತ್ತಿತ್ತು. ಅಧಿಕಾರ ರಾಜಧಾನಿಯಲ್ಲಿ ಎಷ್ಟಿತ್ತೋ, ಹಳ್ಳಿಗಾಡಿನಲ್ಲಿ ಸಾವಿರಾರು ಎಕರೆ ಭೂಮಿ ಹೊಂದಿದ್ದ ಮನೆತನಗಳ ಕೈಯಲ್ಲಿಯೂ ಅಷ್ಟೇ ಇತ್ತು. ಅಂಥವರು ತಮ್ಮ ಜಮೀನಿನ ನಡುವೆ ಕಟ್ಟಿಸಿಕೊಂಡ ಮನೆಗಳಿಗೂ ಅಲ್ಲಿ ಅರಮನೆ ಎಂದೇ ಹೆಸರು.

ಈ ಅರಮನೆಯನ್ನು ಕಟ್ಟಿಸಿದವರು ಪೋಲೆಂಡಿನ ಕ್ಯಾಥೊಲಿಕ್ ಚರ್ಚಿನ ಪರಮೋಚ್ಚ ಧರ್ಮಾಧಿಕಾರಿ, ಕಾರ್ಡಿನಲ್ ಮಿಖಾಲ್ ರಾಜೆಯೋವ್ಸ್ಕಿ. ಒಬ್ಬ ರಾಜ ಸತ್ತು ಇನ್ನೊಬ್ಬ ಚುನಾಯಿತನಾಗುವವರೆಗೆ ರಾಜ್ಯದ ಉಸ್ತುವಾರಿ ನೋಡಿಕೊಳ್ಳುವ ಹೊಣೆಯೂ ಈ ಪದವಿಯಲ್ಲಿದ್ದವರ ಮೇಲಿತ್ತು. ಕಟ್ಟಡದ ವಿನ್ಯಾಸ ಹಾಲೆಂಡ್ ಮೂಲದ ವಾಸ್ತುಶಿಲ್ಪಿ ಟಿಲ್ಮನ್ ವಾನ್ ಗಾಮೆರೆನ್ ಅವರದು. ವಾರ್ಸಾದ ಹಲವು ಅರಮನೆಗಳಿಗೂ ಚರ್ಚುಗಳಿಗೂ ರೂಪ ಕೊಟ್ಟವರು ಇವರೇ. 1690ರ ದಶಕದಲ್ಲಿ ಬರೋಕ್ ಶೈಲಿಯಲ್ಲಿ ಕಟ್ಟಡ ಎದ್ದುನಿಂತಿತು. ಮುಂದೆ ಅಂಗಳ, ಹಿಂದೆ ಉದ್ಯಾನ, ನಡುವೆ ಮನೆ ಎಂಬುದು ಅಂದಿನ ಫ್ರೆಂಚ್ ಪದ್ಧತಿ. ಮಹಾದ್ವಾರದಿಂದ ಆರಂಭವಾಗುವ ನೇರ ಗೆರೆ ಅಂಗಳವನ್ನೂ ಮನೆಯನ್ನೂ ಹಾದು ಹಿಂಭಾಗದ ಲಿಂಡೆನ್ ಮರಗಳ ಸಾಲಿನುದ್ದಕ್ಕೂ ಮುಂದುವರಿಯುತ್ತದೆ. ಛಾವಣಿಯ ಕೆಳಗಿನ ಮೇಲಂತಸ್ತು ಮಾತ್ರ 1920ರ ದಶಕದ ಸೇರ್ಪಡೆ.

1774: ಕೈ ಬದಲಾದ ವರ್ಷ

ಕಾರ್ಡಿನಲ್ಲರ ಕಾಲದ ನಂತರ ಅರಮನೆ ಹಲವು ಮನೆತನಗಳ ಕೈ ದಾಟಿತು. 18ನೇ ಶತಮಾನದ ಉತ್ತರಾರ್ಧದಲ್ಲಿ ಅದರ ಒಡೆಯರಾಗಿದ್ದವರು ಲಿಥುವೇನಿಯಾದ ಮಹಾದಂಡನಾಯಕ ಮಿಖಾಲ್ ಕಾಜಿಮಿಯೆಶ್ ಒಗಿನ್ಸ್ಕಿ. ಸಂಗೀತಗಾರರೂ ಆಗಿದ್ದ ಇವರು 1771ರಲ್ಲಿ ರಷ್ಯಾದ ಹಸ್ತಕ್ಷೇಪವನ್ನು ವಿರೋಧಿಸಿದ ಬಂಡಾಯದ ಪಕ್ಷ ಸೇರಿದರು. ಸ್ತೊವೊವಿಚೆ ಕದನದಲ್ಲಿ ರಷ್ಯಾದ ಸೇನಾನಿ ಸುವೊರೊವ್ ಎದುರು ಸೋತು ದೇಶ ಬಿಟ್ಟರು.

ಮರುವರ್ಷವೇ, ಅಂದರೆ 1772ರಲ್ಲಿ, ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಪೋಲೆಂಡಿನ ಸುಮಾರು ಶೇಕಡಾ 30ರಷ್ಟು ಭೂಭಾಗವನ್ನು ಹಂಚಿಕೊಂಡವು. ಈ ಹಂಚಿಕೆಗೆ ಕಾನೂನಿನ ಮುದ್ರೆ ಬೇಕಿತ್ತು. ಅದಕ್ಕಾಗಿ 1773ರಲ್ಲಿ ಸಂಸತ್ತನ್ನು ಕರೆಯಲಾಯಿತು. ಒತ್ತಡ ಮತ್ತು ಆಮಿಷಗಳ ನಡುವೆ ಆ ಸಂಸತ್ತು ಒಪ್ಪಿಗೆ ನೀಡಿತು. ಅದರಲ್ಲಿ ಲಿಥುವೇನಿಯಾ ಭಾಗದ ಅಧ್ಯಕ್ಷಸ್ಥಾನ ವಹಿಸಿದ್ದವರು ಮಿಖಾಲ್ ಹಿಯೆರೊನಿಮ್ ರಾಡ್ಜಿವಿಲ್. 1774ರಲ್ಲಿ ಒಗಿನ್ಸ್ಕಿಯವರಿಂದ ನ್ಯೆಬೊರುಫ್ ಎಸ್ಟೇಟನ್ನು ಕೊಂಡವರೂ ಅವರೇ. ವಿದೇಶಿ ಶಕ್ತಿಯ ವಿರುದ್ಧ ಕತ್ತಿ ಎತ್ತಿ ಸೋತವನ ಮನೆ, ದೇಶದ ವಿಭಜನೆಗೆ ಅಂಕಿತ ಹಾಕಿದವನ ವಶವಾಯಿತು. ಅಲ್ಲಿಂದ 1945ರವರೆಗೆ, 171 ವರ್ಷ, ಅದು ರಾಡ್ಜಿವಿಲ್ ಮನೆತನದಲ್ಲಿಯೇ ಉಳಿಯಿತು.

ಅರಮನೆಯ ಒಳಗೆ

ಒಳ ಹೊಕ್ಕವರನ್ನು ಮೊದಲು ಎದುರುಗೊಳ್ಳುವುದು ಕೆಳಅಂತಸ್ತಿನಲ್ಲಿರಿಸಿದ ಪ್ರಾಚೀನ ಶಿಲ್ಪಗಳು. ಅವುಗಳಲ್ಲಿ ಪ್ರಖ್ಯಾತವಾದುದು ನಿಯೋಬಿಯ ಅಮೃತಶಿಲೆಯ ಶಿರ. ಗ್ರೀಕ್ ಪುರಾಣದ ನಿಯೋಬಿ ತನ್ನ ಮಕ್ಕಳ ಬಗ್ಗೆ ಗರ್ವಪಟ್ಟು, ದೇವತೆಗಳ ಕೋಪಕ್ಕೆ ಗುರಿಯಾಗಿ, ಅವರೆಲ್ಲರನ್ನೂ ಕಳೆದುಕೊಂಡು ಕಲ್ಲಾದ ತಾಯಿ. ಇಲ್ಲಿರುವುದು ಗ್ರೀಕ್ ಮೂಲಶಿಲ್ಪವನ್ನು ಅನುಸರಿಸಿ ರೋಮನ್ನರ ಕಾಲದಲ್ಲಿ ಕಡೆದ ಪ್ರತಿ. ರಷ್ಯಾದ ಸಾಮ್ರಾಜ್ಞಿ ಎರಡನೇ ಕ್ಯಾಥರೀನ್ ಇದನ್ನು ರಾಡ್ಜಿವಿಲ್‌ರ ಪತ್ನಿ ಹೆಲೆನಾಗೆ ಉಡುಗೊರೆಯಾಗಿ ನೀಡಿದಳೆಂಬ ಮಾತಿದೆ. ಎರಡನೇ ಮಹಾಯುದ್ಧದ ನಂತರ ಇಲ್ಲಿ ಬಂದು ತಂಗಿದ್ದ ಪೋಲಿಷ್ ಕವಿ ಕೊನ್ಸ್ತಾಂತಿ ಇಲ್ದೆಫೊನ್ಸ್ ಗಾವ್ಚಿನ್ಸ್ಕಿ ಈ ಶಿರವನ್ನೇ ವಸ್ತುವಾಗಿಸಿ ‘ನಿಯೋಬಿ’ ಎಂಬ ದೀರ್ಘ ಕವಿತೆ ರಚಿಸಿದರು.

ಮೇಲಂತಸ್ತಿಗೆ ಒಯ್ಯುವ ಮೆಟ್ಟಿಲುಸಾಲು ಮತ್ತೊಂದು ಆಕರ್ಷಣೆ. ಅದರ ಗೋಡೆಗಳಿಗೆಲ್ಲ ಹಾಲೆಂಡಿನ ಹಾರ್ಲಿಂಗೆನ್ ಪಟ್ಟಣದಿಂದ ತರಿಸಿದ ಚಿತ್ರಿತ ಬಿಲ್ಲೆಗಳನ್ನು ಹೊದಿಸಲಾಗಿದೆ. ಅಂಗೈಯಗಲದ ಒಂದೊಂದು ಬಿಲ್ಲೆಯಲ್ಲಿಯೂ ಪುಟ್ಟದೊಂದು ಚಿತ್ರವಿದೆ. ಮೆಟ್ಟಿಲು ಹತ್ತುವಾಗ ನಿಧಾನಿಸಿ ನೋಡಿದರೆ ಯಾವ ಎರಡು ಚಿತ್ರಗಳೂ ತದ್ರೂಪವಾಗಿಲ್ಲವೆಂಬಂತೆ ತೋರುತ್ತದೆ.

ಗ್ರಂಥಾಲಯದಲ್ಲಿ ಸುಮಾರು 10 ಸಾವಿರ ಸಂಪುಟಗಳಿವೆ. ಅದರ ಹೆಮ್ಮೆ ಎರಡು ಬೃಹತ್ ಗೋಳಗಳು. ಒಂದು ಭೂಮಿಯದು, ಇನ್ನೊಂದು ಆಕಾಶದ್ದು. ವೆನಿಸ್ಸಿನ ಪಾದ್ರಿ ಹಾಗೂ ಭೂಪಟ ತಜ್ಞ ವಿಂಚೆಂಜೊ ಕೊರೊನೆಲ್ಲಿ 17ನೇ ಶತಮಾನದ ಕೊನೆಯಲ್ಲಿ ರೂಪಿಸಿದ ಗೋಳಗಳಿವು. ಅವನ್ನು ರಚಿಸಿದಾಗ ಯುರೋಪಿನ ವಿಸ್ತಾರವಾದ ರಾಷ್ಟ್ರಗಳಲ್ಲಿ ಪೋಲೆಂಡ್ ಕೂಡ ಒಂದು. ನೂರು ವರ್ಷ ಕಳೆಯುವಷ್ಟರಲ್ಲಿ ಭೂಪಟಗಳಲ್ಲಿ ಆ ಹೆಸರಿಗೆ ಜಾಗವಿರಲಿಲ್ಲ.

ಕುಟುಂಬದ ಭಾವಚಿತ್ರಗಳು, ಪೀಠೋಪಕರಣಗಳು, ಪಿಂಗಾಣಿ ಮತ್ತು ಗಾಜಿನ ಸಾಮಗ್ರಿಗಳು ಉಳಿದ ಕೋಣೆಗಳಲ್ಲಿವೆ. 1881ರಲ್ಲಿ ಮಿಖಾಲ್ ಪಿಯೋತ್ರ್ ರಾಡ್ಜಿವಿಲ್ ಇಲ್ಲಿಯೇ ಬಣ್ಣದ ಮಣ್ಣಿನ ಪಾತ್ರೆಗಳ ಕಾರ್ಖಾನೆಯೊಂದನ್ನು ಆರಂಭಿಸಿದ್ದರು. ಮಯೋಲಿಕಾ ಎಂದು ಕರೆಯಲಾಗುವ ಆ ಪಾತ್ರೆಗಳ ಮಾದರಿಗಳನ್ನೂ ಇಲ್ಲಿ ಕಾಣಬಹುದು.

ಉದ್ಯಾನದಲ್ಲಿ ಎರಡು ಬಗೆ

ಅರಮನೆಯ ಹಿಂಭಾಗದ ಉದ್ಯಾನ ಫ್ರೆಂಚ್ ಮಾದರಿಯದು. ಗೆರೆ ಎಳೆದಂತೆ ನೇರ ದಾರಿಗಳು, ಕತ್ತರಿಸಿ ಆಕಾರ ಕೊಟ್ಟ ಹಸಿರುಬೇಲಿಗಳು, ಸಮನಾದ ಅಂತರದಲ್ಲಿ ಮರಗಳು. ಪ್ರಕೃತಿ ಮನುಷ್ಯನ ಆಜ್ಞೆಗೆ ತಲೆಬಾಗಬೇಕೆಂಬುದು ಇದರ ಹಿಂದಿನ ಭಾವನೆ. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲು ಪ್ರದೇಶದಿಂದ ತರಲಾದ, ಸ್ಥಳೀಯರು ‘ಕಲ್ಲಿನ ಅಜ್ಜಿಯರು’ ಎನ್ನುವ ಮಧ್ಯಯುಗದ ಒರಟು ಪ್ರತಿಮೆಗಳು ಈ ಶಿಸ್ತಿನ ತೋಟದಲ್ಲಿ ಅಚ್ಚರಿ ಹುಟ್ಟಿಸುತ್ತವೆ.

18ನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಿಂದ ಹೊಸ ರುಚಿಯೊಂದು ಯುರೋಪಿನಾದ್ಯಂತ ಹರಡಿತು. ಡೊಂಕಾದ ದಾರಿ, ಏರುತಗ್ಗಿನ ಹುಲ್ಲುಹಾಸು, ಸಹಜವೆಂಬಂತೆ ಬೆಳೆದ ಮರಗಳ ಗುಂಪು, ದಾರಿ ತಿರುಗಿದೊಡನೆ ಎದುರಾಗುವ ದೇವಾಲಯ ಅಥವಾ ಪಾಳುಗೋಡೆ ಇದರ ಲಕ್ಷಣಗಳು. ಈ ಸಹಜತೆಯ ಹಿಂದೆಯೂ ಅಪಾರ ದುಡಿಮೆಯಿತ್ತು. ಕೆರೆ ತೋಡಬೇಕಿತ್ತು, ಮಣ್ಣು ಹೊತ್ತು ದಿಬ್ಬ ಮಾಡಬೇಕಿತ್ತು. ಪೋಲೆಂಡಿನ ರೈತರು ಆಗಿನ್ನೂ ಜಮೀನಿಗೆ ಕಟ್ಟುಬಿದ್ದು ಒಡೆಯರಿಗಾಗಿ ಬಿಟ್ಟಿ ದುಡಿಯುತ್ತಿದ್ದ ಕಾಲವದು. ಈ ಭಾಗದ ರೈತರಿಗೆ ವೈಯಕ್ತಿಕ ಸ್ವಾತಂತ್ರ್ಯ ದೊರೆತದ್ದು 1807ರಲ್ಲಿ. ಉಳುವ ಭೂಮಿಯ ಒಡೆತನ ದೊರೆತದ್ದು 1864ರಲ್ಲಿ.

ಹೆಲೆನಾ ಕಟ್ಟಿಸಿದ ಅರ್ಕಾಡಿಯಾ

1778ರಲ್ಲಿ ಹೆಲೆನಾ ರಾಡ್ಜಿವಿಲ್ ಅರ್ಕಾಡಿಯಾ ನಿರ್ಮಾಣಕ್ಕೆ ಕೈಹಾಕಿದರು. ಪ್ರಾಚೀನ ಗ್ರೀಸಿನ ಅರ್ಕಾಡಿಯಾ ಪ್ರಾಂತ್ಯ ಯುರೋಪಿನ ಕವಿಗಳ ಕಲ್ಪನೆಯಲ್ಲಿ ಕುರಿಗಾಹಿಗಳು ಹಾಡುತ್ತ ಬಾಳುವ ನಿಶ್ಚಿಂತೆಯ ನಾಡಾಗಿತ್ತು. ಆ ಹೆಸರನ್ನೇ ಉದ್ಯಾನಕ್ಕೆ ಇಡಲಾಯಿತು. ಜರ್ಮನಿಯ ಸ್ಯಾಕ್ಸನಿಯಿಂದ ಬಂದು ವಾರ್ಸಾದಲ್ಲಿ ನೆಲೆಸಿದ್ದ ಶಿಮೊನ್ ಬೊಗುಮಿಲ್ ಜುಗ್ ಮುಖ್ಯ ವಾಸ್ತುಶಿಲ್ಪಿ. 19ನೇ ಶತಮಾನದ ಆರಂಭದಲ್ಲಿ ಹೆನ್ರಿಕ್ ಇಟ್ಟಾರ್ ಅವರ ಜಾಗಕ್ಕೆ ಬಂದರು. ಸ್ಕಿಯೆರ್ನಿಯೆವ್ಕಾ ನದಿಯ ನೀರನ್ನು ತಡೆದು ಕೆರೆ ಮಾಡಲಾಯಿತು. ಅದರ ಸುತ್ತ ನಾಲ್ಕು ದಶಕಗಳ ಕಾಲ ಒಂದೊಂದಾಗಿ ಕಟ್ಟಡಗಳು ಎದ್ದವು.

ಕೆರೆಯ ದಡದಲ್ಲಿರುವ ಡಯಾನಾ ದೇವಾಲಯ ಇವುಗಳಲ್ಲಿ ಪ್ರಧಾನ. 1783ರಲ್ಲಿ ನಿರ್ಮಾಣವಾದ ಇದರ ಮುಖಮಂಟಪಕ್ಕೆ ನಾಲ್ಕು ಕಂಬಗಳಿವೆ. ಮೇಲೆ ಇಟಲಿಯ ಕವಿ ಪೆಟ್ರಾರ್ಕನ ಸಾಲೊಂದನ್ನು ಕೆತ್ತಲಾಗಿದೆ. ಅದರ ವಿಷಯ ಬಾಳಿನ ಹೋರಾಟಗಳ ಕೊನೆಗೆ ಸಿಕ್ಕುವ ಶಾಂತಿ. ಒಳಛಾವಣಿಯಲ್ಲಿ ಫ್ರೆಂಚ್ ಕಲಾವಿದ ಜಾನ್ ಪಿಯೆರ್ ನೋರ್ಬ್ಲಿನ್ ಚಿತ್ರಿಸಿದ ಉಷೋದೇವಿಯಿದ್ದಾಳೆ.

ಇದಕ್ಕೆ ತೀರ ಭಿನ್ನವಾದುದು ‘ಮಹಾಪೂಜಾರಿಯ ನಿವಾಸ’. ಹೊಸದಾಗಿ ಕಟ್ಟುವಾಗಲೇ ಹಳೆಯ ಪಾಳುಮನೆಯಂತೆ ಕಾಣಲೆಂದು ರೂಪಿಸಿದ ಕಟ್ಟಡವಿದು. ಗೋಡೆಗಳಲ್ಲಿ ಹುದುಗಿಸಿರುವ ಕೆತ್ತನೆಯ ತುಣುಕುಗಳು ಮಾತ್ರ ನಿಜವಾಗಿಯೂ ಹಳೆಯವು. ಸಮೀಪದ ವೊವಿಚ್ ಪಟ್ಟಣದ ಚರ್ಚಿನಿಂದಲೂ ಶಿಥಿಲವಾಗಿದ್ದ ಕೋಟೆಮನೆಯಿಂದಲೂ ತಂದ ಕಲ್ಲುಗಳವು. ನ್ಯೆಬೊರುಫ್ ಅರಮನೆ ಕಟ್ಟಿಸಿದ ಕಾರ್ಡಿನಲ್ಲರಂಥ ಧರ್ಮಾಧಿಕಾರಿಗಳು ಶತಮಾನಗಳ ಕಾಲ ವಾಸಿಸಿದ್ದ ಕೋಟೆಮನೆಯದು. ಇದೇ ಕಟ್ಟಡದ ಗೋಡೆಯ ಮೇಲೆ ಶಿಲ್ಪಿ ಜೊವಾಕಿನೊ ಸ್ಟಾಜಿಯ ಉಬ್ಬುಶಿಲ್ಪವಿದೆ. ಸಿಂಹ, ಆಡು, ಸರ್ಪಗಳ ದೇಹ ಬೆರೆತ ಕಿಮೇರಾ ಎಂಬ ಮಿಥ್ಯಾಪ್ರಾಣಿಗೆ ಆಶಾದೇವಿ ಆಹಾರ ಉಣಿಸುತ್ತಿದ್ದಾಳೆ. ಭ್ರಮೆಯನ್ನು ಸಾಕುವುದೂ ಆಸೆಯೇ ಎಂಬ ಅರ್ಥವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ನೀರಿನ ಮೇಲೆ ಹಾದುಹೋಗುವ ರೋಮನ್ ಮಾದರಿಯ ಮೇಲ್ಗಾಲುವೆ, ಒರಟು ಬಂಡೆಗಳ ನಡುವಿನ ಸಿಬಿಲ್ ಗುಹೆ, ಗಾಥಿಕ್ ಮನೆ, ಕಲ್ಲಿನ ಕಮಾನು ಮುಂತಾದವು ಇತರ ಆಕರ್ಷಣೆಗಳು. ಪಾಪ್ಲರ್ ಮರಗಳ ದ್ವೀಪವೊಂದರಲ್ಲಿ ಹೆಲೆನಾ ತಮ್ಮದೇ ಗೋರಿಯನ್ನೂ ನಿರ್ಮಿಸಿಕೊಂಡಿದ್ದರು. ಫ್ರಾನ್ಸಿನ ಎರ್ಮೆನೊನ್‌ವಿಲ್‌ನಲ್ಲಿ ಚಿಂತಕ ರೂಸೋನನ್ನು ಹೂಳಲಾಗಿದ್ದ ದ್ವೀಪ ಇದಕ್ಕೆ ಪ್ರೇರಣೆ. ಅಂತಿಮವಾಗಿ ಅವರ ಸಮಾಧಿಯಾದದ್ದು ಇಲ್ಲಲ್ಲ, ನ್ಯೆಬೊರುಫ್ ಚರ್ಚಿನಲ್ಲಿ.

1800ರಲ್ಲಿ ಹೆಲೆನಾ ಅರ್ಕಾಡಿಯಾಕ್ಕೆ ಫ್ರೆಂಚ್ ಭಾಷೆಯಲ್ಲಿ ಮಾರ್ಗದರ್ಶಿಯೊಂದನ್ನು ತಾವೇ ಬರೆದು ಪ್ರಕಟಿಸಿದರು. ಅದು ಅಚ್ಚಾದದ್ದು ಬರ್ಲಿನ್‌ನಲ್ಲಿ ಎಂಬುದು ಗಮನಾರ್ಹ. 1793 ಮತ್ತು 1795ರ ವಿಭಜನೆಗಳೊಂದಿಗೆ ಪೋಲೆಂಡ್ ಕೊನೆಗೊಂಡು, ಈ ಪ್ರದೇಶ ಪ್ರಷ್ಯಾದ ಆಡಳಿತಕ್ಕೆ ಸೇರಿತ್ತು. ಹೆಲೆನಾರ ಮಗ ಆಂತೋನಿ 1796ರಲ್ಲಿ ಪ್ರಷ್ಯಾದ ರಾಜಮನೆತನದ ಲೂಯಿಸಾಳನ್ನು ವಿವಾಹವಾಗಿದ್ದರು. ಸಂಗೀತ ಸಂಯೋಜಕರಾದ ಆಂತೋನಿ, ಗಯಟೆಯ ‘ಫೌಸ್ಟ್’ ನಾಟಕಕ್ಕೆ ಸಂಗೀತ ರಚಿಸಿದವರು. ಯುವಕ ಶೋಪೆನ್ ತಮ್ಮ ಪಿಯಾನೊ ತ್ರಿವಾದ್ಯ ಕೃತಿಯನ್ನು ಅರ್ಪಿಸಿದ್ದು ಇವರಿಗೇ.

ಎರಡು ಉದ್ಯಾನ, ಎರಡು ದಾರಿ

ಹೆಲೆನಾರ ಸಮಕಾಲೀನರೂ ಉದ್ಯಾನ ಕಲೆಯಲ್ಲಿ ಪ್ರತಿಸ್ಪರ್ಧಿಯೂ ಆಗಿದ್ದವರು ಇಜಬೆಲಾ ಚಾರ್ತೋರಿಸ್ಕಾ. ವಾರ್ಸಾ ಬಳಿಯ ಪೊವೊಂಜ್ಕಿಯಲ್ಲಿದ್ದ ಅವರ ಉದ್ಯಾನ 1794ರ ದಂಗೆಯ ಕಾಲದ ಯುದ್ಧದಲ್ಲಿ ಹಾಳಾಯಿತು. ಅದೇ ವರ್ಷ ಪುವಾವಿಯಲ್ಲಿದ್ದ ಅರಮನೆಯನ್ನು ರಷ್ಯಾದ ಸೈನಿಕರು ಲೂಟಿ ಮಾಡಿದರು. ಇಜಬೆಲಾ ಪುವಾವಿಯನ್ನು ಮತ್ತೆ ಕಟ್ಟಿಸಿದರು. ಆದರೆ ಈ ಬಾರಿ ಉದ್ಯಾನದ ನಡುವಿನ ಸಿಬಿಲ್ ದೇವಾಲಯದಲ್ಲಿ ಪೋಲೆಂಡಿನ ರಾಜರ, ವೀರರ ನೆನಪಿನ ವಸ್ತುಗಳನ್ನು ಇರಿಸಿದರು. 1801ರಲ್ಲಿ ತೆರೆದ ಆ ಕಟ್ಟಡವನ್ನು ಪೋಲೆಂಡಿನ ಪ್ರಥಮ ವಸ್ತುಸಂಗ್ರಹಾಲಯವೆಂದು ಪರಿಗಣಿಸಲಾಗುತ್ತದೆ.

ಕಳೆದುಹೋದ ದೇಶವನ್ನು ನೆನಪಿಡಲು ಪುವಾವಿ ನಿಂತಿತು. ಅದನ್ನು ಮರೆತು ನೆಮ್ಮದಿ ಪಡೆಯಲು ಅರ್ಕಾಡಿಯಾ ನಿಂತಿತು. ಹೀಗೆ ಹೇಳುವುದು ಸುಲಭ. ಆದರೆ ವಾಸ್ತವ ಅಷ್ಟು ಸರಳವಲ್ಲ. ಉದ್ಯಾನದ ಕೆಲಸ ಆರಂಭವಾದ 1778ರಲ್ಲಿಯೇ ಜನಿಸಿದ ಹೆಲೆನಾರ ಇನ್ನೊಬ್ಬ ಮಗ ಮಿಖಾಲ್ ಗೆಡಿಯೊನ್ ಸೈನಿಕನಾದರು. ರಷ್ಯಾದ ವಿರುದ್ಧ ಪೋಲೆಂಡ್ ದಂಗೆ ಎದ್ದಾಗ, 1831ರ ಆರಂಭದಲ್ಲಿ, ಕೆಲವು ವಾರಗಳ ಕಾಲ ಪೋಲಿಷ್ ಸೇನೆಯ ಮಹಾದಂಡನಾಯಕರಾಗಿದ್ದರು. ದಂಗೆ ವಿಫಲವಾದ ಬಳಿಕ ರಷ್ಯಾದಲ್ಲಿ ಗಡಿಪಾರಿನ ಶಿಕ್ಷೆ ಅನುಭವಿಸಿದರು. ತಂದೆ ಅಂಕಿತ ಹಾಕಿದ್ದನ್ನು ಅಳಿಸಲು ಮಗ ಯತ್ನಿಸಿದರು.

ಅವಶೇಷಗಳು ನಿಜವಾದಾಗ

1821ರಲ್ಲಿ ಹೆಲೆನಾ ತೀರಿಕೊಂಡರು. ಉದ್ಯಾನ ಅನಾಥವಾಯಿತು. ಅಮೂಲ್ಯ ಕಲಾವಸ್ತುಗಳನ್ನು ನ್ಯೆಬೊರುಫ್‌ಗೆ ಸಾಗಿಸಲಾಯಿತು. ಇಟ್ಟಾರ್ ಕಟ್ಟಿಸಿದ್ದ ರಂಗಸ್ಥಳ ಮತ್ತು ರೋಮನ್ ಸರ್ಕಸ್ ಕಣ್ಮರೆಯಾದವು, ಮೇಲ್ಗಾಲುವೆಯೂ ಕುಸಿಯಿತು. ಪಾಳುಬಿದ್ದಂತೆ ತೋರಲೆಂದು ಕಟ್ಟಿದ್ದ ಕಟ್ಟಡಗಳು ನಿಜವಾಗಿಯೇ ಪಾಳುಬಿದ್ದವು.

20ನೇ ಶತಮಾನದಲ್ಲಿ ಯುದ್ಧ ಬಾಗಿಲಿಗೇ ಬಂದಿತು. ಹತ್ತಿರದ ಬೊಲಿಮುಫ್‌ನಲ್ಲಿ 1915ರ ಜನವರಿ 31ರಂದು ಜರ್ಮನ್ ಸೇನೆ ರಷ್ಯನ್ನರ ಮೇಲೆ ವಿಷಾನಿಲ ತುಂಬಿದ ಶೆಲ್‌ಗಳನ್ನು ಭಾರಿ ಪ್ರಮಾಣದಲ್ಲಿ ಪ್ರಯೋಗಿಸಿತು. ತೀವ್ರ ಚಳಿಯಿಂದಾಗಿ ಅನಿಲ ಹರಡದೆ ಆ ಪ್ರಯೋಗ ವಿಫಲವಾಯಿತು. 1939ರ ಸೆಪ್ಟೆಂಬರ್‌ನಲ್ಲಿ ಇದೇ ಸೀಮೆಯ ಬ್ಜುರಾ ನದಿಯ ಆಸುಪಾಸಿನಲ್ಲಿ ಪೋಲಿಷ್ ಮತ್ತು ಜರ್ಮನ್ ಸೇನೆಗಳ ನಡುವೆ ಘೋರ ಕದನ ನಡೆಯಿತು. ಇಷ್ಟೆಲ್ಲದರ ನಡುವೆಯೂ ಅರಮನೆ ಉಳಿದುಕೊಂಡಿತು.

ಅದರ ಕೊನೆಯ ಒಡೆಯ ಯಾನುಷ್ ರಾಡ್ಜಿವಿಲ್, ಸ್ವತಂತ್ರ ಪೋಲೆಂಡಿನ ಹೆಸರಾಂತ ರಾಜಕಾರಣಿ. 1945ರಲ್ಲಿ ಸೋವಿಯತ್ ಅಧಿಕಾರಿಗಳು ಅವರನ್ನೂ ಅವರ ಪತ್ನಿ ಆನ್ನಾ ಅವರನ್ನೂ ಬಂಧಿಸಿ ಮಾಸ್ಕೋ ಸಮೀಪದ ಕ್ರಾಸ್ನೊಗೊರ್ಸ್ಕ್‌ಗೆ ಕರೆದೊಯ್ದರು. ಆನ್ನಾ ಅಲ್ಲಿಯೇ 1947ರಲ್ಲಿ ನಿಧನರಾದರು. ಅದೇ ವರ್ಷ ಬಿಡುಗಡೆಗೊಂಡು ಮರಳಿದ ಯಾನುಷ್‌ಗೆ ಹಿಂದಿರುಗಲು ಅರಮನೆಯಿರಲಿಲ್ಲ. ಭೂಸುಧಾರಣೆಯಡಿ ಎಸ್ಟೇಟುಗಳೆಲ್ಲ ಸರ್ಕಾರದ ವಶವಾಗಿದ್ದವು. 1967ರಲ್ಲಿ ಸಾಯುವವರೆಗೆ ಅವರು ವಾರ್ಸಾದಲ್ಲಿ ಸಾಮಾನ್ಯ ನಾಗರಿಕರಂತೆ ಬಾಳಿದರು.

ಒಡೆಯರಿಲ್ಲದ ಇಂಥ ಮನೆಗಳು ಆ ದಿನಗಳಲ್ಲಿ ಲೂಟಿಗೊಳಗಾಗುವುದು, ಕಚೇರಿಯೋ ಉಗ್ರಾಣವೋ ಆಗಿ ಶಿಥಿಲಗೊಳ್ಳುವುದು ಸಾಮಾನ್ಯವಾಗಿತ್ತು. ನ್ಯೆಬೊರುಫ್ ಆ ಗತಿಯಿಂದ ಪಾರಾಯಿತು. ವಾರ್ಸಾ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕ ಸ್ತಾನಿಸ್ವಾಫ್ ಲೋರೆಂಟ್ಸ್ 1945ರಲ್ಲಿಯೇ ಅರಮನೆಯನ್ನೂ ಅರ್ಕಾಡಿಯಾವನ್ನೂ ತಮ್ಮ ಸಂಸ್ಥೆಯ ಶಾಖೆಯಾಗಿಸಿಕೊಂಡರು. ಪೀಠೋಪಕರಣ, ಚಿತ್ರ, ಪುಸ್ತಕಗಳು ಬಹುಮಟ್ಟಿಗೆ ಇದ್ದಲ್ಲಿಯೇ ಉಳಿದವು. ಅರ್ಕಾಡಿಯಾದ ಮೇಲ್ಗಾಲುವೆಯನ್ನು 1950ರ ದಶಕದ ಆರಂಭದಲ್ಲಿ ಮತ್ತೆ ಕಟ್ಟಲಾಯಿತು.

ನೋಡಹೋಗುವವರಿಗೆ

ವಾರ್ಸಾದಿಂದ ವೊವಿಚ್‌ಗೆ ರೈಲು ಸೌಕರ್ಯವಿದೆ. ಅಲ್ಲಿಂದ ನ್ಯೆಬೊರುಫ್ ಸುಮಾರು 10 ಕಿ.ಮೀ.; ಅರ್ಕಾಡಿಯಾ ದಾರಿಯಲ್ಲಿಯೇ ಸಿಗುತ್ತದೆ. ಸ್ವಂತ ಅಥವಾ ಬಾಡಿಗೆ ವಾಹನವಿದ್ದರೆ ಒಂದೇ ದಿನದಲ್ಲಿ ಎರಡನ್ನೂ ನೋಡಿ ಹಿಂದಿರುಗಬಹುದು. ಪೋಲೆಂಡ್ 2007ರ ಡಿಸೆಂಬರ್‌ನಲ್ಲಿ ಷೆಂಗೆನ್ ವಲಯ ಸೇರಿದ್ದರಿಂದ ಭಾರತೀಯ ಪ್ರವಾಸಿಗರು ಷೆಂಗೆನ್ ವೀಸಾ ಪಡೆದರೆ ಸಾಕು. ಚಲಾವಣೆಯಲ್ಲಿರುವುದು ಮಾತ್ರ ಯೂರೋ ಅಲ್ಲ, ಜ್ಲೋತಿ.

ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಭೇಟಿಗೆ ಪ್ರಶಸ್ತ. ಬೇಸಗೆಯಲ್ಲಿ ಲಿಂಡೆನ್ ಹೂವಿನ ಪರಿಮಳವಿರುತ್ತದೆ. ಅಕ್ಟೋಬರ್‌ನಲ್ಲಿ ಎಲೆಗಳು ಹಳದಿಗೆ ತಿರುಗಿ ಕೆರೆಯ ನೀರಿನಲ್ಲಿ ಪ್ರತಿಬಿಂಬಿಸುತ್ತವೆ. ತೆರೆದಿರುವ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಲೇಸು. ಬಣ್ಣಬಣ್ಣದ ಪಟ್ಟೆಗಳ ಉಣ್ಣೆಯ ಉಡುಪಿಗೂ ಕಾಗದ ಕತ್ತರಿಸಿ ಮಾಡುವ ಚಿತ್ತಾರಗಳಿಗೂ ಹೆಸರಾದ ವೊವಿಚ್ ಪಟ್ಟಣಕ್ಕೆ ಅರ್ಧ ದಿನ ಮೀಸಲಿಡಬಹುದು.

ನೋಡುವ ಕ್ರಮವೂ ಮುಖ್ಯ. ಮೊದಲು ಅರಮನೆ, ಅನಂತರ ಅರ್ಕಾಡಿಯಾ. ಅರಮನೆಯ ಭಾವಚಿತ್ರಗಳಲ್ಲಿ ಕಂಡ ಮುಖಗಳನ್ನು ನೆನಪಿಟ್ಟುಕೊಂಡು ಡಯಾನಾ ದೇವಾಲಯದ ಮೆಟ್ಟಿಲ ಮೇಲೆ ಕುಳಿತರೆ ಎದುರಿನ ಕೆರೆ, ಮರ, ಮುರಿದ ಗೋಡೆಗಳಿಗೆ ಬೇರೆಯೇ ಅರ್ಥ ಬರುತ್ತದೆ. ಕಟ್ಟಿಸಿದವರಿಗೆ ಈ ಉದ್ಯಾನ ಶಾಂತಿ ಕೊಟ್ಟಿತೋ ಇಲ್ಲವೋ ಹೇಳಲಾಗದು. ಅವರ ದೇಶಕ್ಕೆ ಕಳೆದುಕೊಂಡ ಹೆಸರು ಮರಳಿ ದೊರೆಯಲು 123 ವರ್ಷ ಬೇಕಾಯಿತು. ಒಂದು ಮನೆತನದ ಬೇಲಿಯೊಳಗಿದ್ದ ನೆಮ್ಮದಿ ಇಂದು ಟಿಕೆಟ್ ಕೊಂಡ ಯಾರಿಗಾದರೂ ಲಭ್ಯ. ಒಂದು ಕಾಲಕ್ಕೆ ಇಲ್ಲಿ ಬಿಟ್ಟಿ ದುಡಿದವರ ಮರಿಮಕ್ಕಳೂ ಭಾನುವಾರ ಬುತ್ತಿ ಕಟ್ಟಿಕೊಂಡು ಬಂದು ಇದೇ ಹುಲ್ಲಿನ ಮೇಲೆ ಕೂರಬಹುದು.